ಮೋಟಾರ್ ಆಂಟೆನಾ ಕಿತ್ತು ಗುಜರಿಗೆ ಹಾಕುವ ಮೊದಲು

ಹಳೆ ಪಜೆರೋ, ಹಳೆ ಲ್ಯಾಂಡ್ ಕ್ರೂಸರ್ ಇಟ್ಟುಕೊಂಡಿರುವ ನಮ್ಮ ಕಡೆಯವರಿಗೆ ಒಂದು ಮಾತು. ರೇಡಿಯೋ ಹಾಕಿದ ಕೂಡಲೇ ಮಡ್‌ಗಾರ್ಡ್‌ನಿಂದ ಎದ್ದು ಬರುತ್ತಿದ್ದ ಆಂಟೆನಾ ಒಂದು ದಿನ ಬರಲಿಲ್ಲ ಅಂದರೆ, ಇಡೀ ಮೋಟಾರ್ ಸೆಟ್ ಸತ್ತಿದೆ ಅಂತ ಯಾರು ಹೇಳಿದರೂ ನಂಬಬೇಡಿ. ಅಂಗಡಿಗೆ ಹೋದರೆ ಮೊದಲು ಬರುವ ಮಾತು ಇದೇ: "ಅಣ್ಣ, ಇದು ಔಟ್‌ಡೇಟೆಡ್, ಕಿತ್ತಾಕಿ ತೂತು ಮುಚ್ಚಿಬಿಡೋಣ, ಮೇಲೆ ಶಾರ್ಕ್ ಫಿನ್ ಅಂಟಿಸಿಕೊಡ್ತೀನಿ, ಗಾಡಿ ಹೊಸದರ ಥರ ಕಾಣುತ್ತೆ." ಕಾಣುತ್ತದೆ, ನಿಜ. ಆದರೆ ಡಬಲ್ ಟೇಪ್ ಹಚ್ಚಿ ಟಾಪ್ ಮೇಲೆ ಕೂರಿಸುವ ಆ ಪ್ಲಾಸ್ಟಿಕ್ ರೆಕ್ಕೆಯಲ್ಲಿ ಬಹಳಷ್ಟಕ್ಕೆ ಒಳಗೆ ಏನೂ ಇರುವುದಿಲ್ಲ. ಕಂಪನಿಯಿಂದಲೇ ಬರುವ ಫಿನ್‌ನಲ್ಲಿ ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ ಕರೆಂಟ್ ಬೇಕು, ಆಂಟೆನಾ ವೈರ್ ಬೇಕು. ಅಂಗಡಿಯವರು ಅಂಟಿಸಿಕೊಡುವುದು ಬರೀ ಶೋಕಿ.

ಮೈನಿಂಗ್ ಜೋರಿದ್ದ ಕಾಲದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಎಂಥೆಂಥ ಗಾಡಿ ಓಡಾಡಿದವು ಅಂತ ನೋಡಿದವರಿಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ಅವುಗಳಲ್ಲಿ ಎಷ್ಟೋ ಕೈ ಬದಲಾದವು. ನಮ್ಮ ಚಿಕ್ಕಪ್ಪನ ಪಜೆರೋ ಕೂಡ ಹಾಗೆ ಬಂದದ್ದು. 2.8 ಡೀಸೆಲ್, ಎಂಜಿನ್ ಇವತ್ತಿಗೂ ಗಟ್ಟಿ. ಆದರೆ ಸಣ್ಣಪುಟ್ಟ ಸಾಮಾನುಗಳಲ್ಲೆಲ್ಲಾ ಅದಿರಿನ ಕೆಂಪು ಧೂಳು ಸೇರಿಕೊಂಡಿದೆ. ಡೋರ್ ರಬ್ಬರ್ ಹಿಂದೆ, ಸೀಟ್ ರೈಲ್ ಒಳಗೆ, ಹೀಟರ್ ನಳಿಗೆಯಲ್ಲಿ, ಎಲ್ಲಿ ಬೆರಳಿಟ್ಟರೂ ಕುಂಕುಮ. ಆಂಟೆನಾ ಸಾಯುವುದೂ ಬಹುಪಾಲು ಇದರಿಂದಲೇ.

ಹೇಗೆ ಅಂತ ಹೇಳುತ್ತೇನೆ. ಮೋಟಾರ್ ಆಂಟೆನಾದ ಒಳಗೆ ದೊಡ್ಡ ವಿದ್ಯೆ ಏನಿಲ್ಲ. ಒಂದರೊಳಗೊಂದು ಸೇರುವ ಸ್ಟೀಲ್ ಕೊಳವೆಗಳು. ತುದಿಯ ಸಣ್ಣ ಕಡ್ಡಿಗೆ ಒಂದು ಉದ್ದದ ನೈಲಾನ್ ಕೇಬಲ್ ಕಟ್ಟಿರುತ್ತದೆ. ಆ ಕೇಬಲ್‌ಗೆ ಒಂದು ಪಕ್ಕ ಹಲ್ಲು, ವೈರ್ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್‌ನಲ್ಲಿ ಇರುತ್ತವಲ್ಲ, ಆ ಥರ. ಕೆಳಗೆ ಮೋಟಾರ್, ಒಂದು ಗೇರ್, ಕೇಬಲ್ ಸುತ್ತಿಕೊಳ್ಳುವ ಒಂದು ಡಬ್ಬಿ. ಗೇರ್ ಒಂದು ಕಡೆ ತಿರುಗಿದರೆ ಕೇಬಲ್ ಕಡ್ಡಿಯನ್ನು ಮೇಲೆ ತಳ್ಳುತ್ತದೆ, ಇನ್ನೊಂದು ಕಡೆ ತಿರುಗಿದರೆ ಎಳೆದು ಸುತ್ತಿಕೊಳ್ಳುತ್ತದೆ. ಅಷ್ಟೇ. ಸ್ಟೀಲ್ ಕೊಳವೆಗಳ ನಡುವೆ ಧೂಳು ಸೇರಿ ಜಾಮ್ ಆಯಿತು ಅಂದುಕೊಳ್ಳಿ. ಮೋಟಾರ್ ತಳ್ಳುತ್ತಲೇ ಇರುತ್ತದೆ, ಕಡ್ಡಿ ಅಲ್ಲಾಡುವುದಿಲ್ಲ, ನಡುವೆ ಸಿಕ್ಕಿಕೊಂಡ ನೈಲಾನ್ ಹಲ್ಲು ಉದುರುತ್ತವೆ. ನಮ್ಮ ಬೇಸಿಗೆ ಬಿಸಿಲು 40 ದಾಟುತ್ತದೆ, ಅದರಲ್ಲಿ ವರ್ಷಾನುಗಟ್ಟಲೆ ಬೆಂದ ನೈಲಾನ್ ಮೊದಲೇ ಒಣಗಿ ಗರಿಗರಿ ಆಗಿರುತ್ತದೆ. ಪಟ್ ಅಂತ ಹೋಗುತ್ತದೆ.

ಹಾಗಾಗಿ ಮೊದಲು ಕಿವಿ ಕೊಡಿ. ಎಂಜಿನ್ ಬಂದ್ ಇಟ್ಟು, ಕೀ ತಿರುಗಿಸಿ ರೇಡಿಯೋ ಹಾಕಿ, ಮಡ್‌ಗಾರ್ಡ್ ಹತ್ತಿರ ನಿಂತುಕೊಳ್ಳಿ. ಒಳಗೆ ಗುರ್ರ್ ಅಂತ ಕೆಲವು ಸೆಕೆಂಡ್ ಸದ್ದು ಬಂದು ಕಡ್ಡಿ ಮಾತ್ರ ಏಳದಿದ್ದರೆ ಮೋಟಾರ್ ಚೆನ್ನಾಗಿದೆ, ಕೇಬಲ್ ಹೋಗಿದೆ. ಕಟಕಟ ಅಂದರೆ ಹಲ್ಲು ಜಾರುತ್ತಿದೆ, ಇಲ್ಲವೇ ಕಡ್ಡಿ ಬಾಗಿ ಸಿಕ್ಕಿಕೊಂಡಿದೆ. ಸದ್ದೇ ಇಲ್ಲ ಅಂದರೆ ಆಗ ಫ್ಯೂಸ್, ವೈರ್, ರಿಲೇ (ಸಣ್ಣ ಸಿಗ್ನಲ್ ಬಂದಾಗ ಮೋಟಾರಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್) ನೋಡಬೇಕು. ಮೋಟಾರ್ ಸುಟ್ಟಿದೆ ಅನ್ನುವ ತೀರ್ಮಾನ ಕಟ್ಟಕಡೆಗೆ. ನಮ್ಮಲ್ಲಿ ಅದೇ ಮೊದಲು ಬರುತ್ತದೆ, ಯಾಕೆಂದರೆ ಬದಲಾಯಿಸುವುದು ಸುಲಭ, ಹುಡುಕುವುದು ಕಷ್ಟ, ಹುಡುಕುವ ಕೂಲಿಗೆ ಯಾರೂ ದುಡ್ಡು ಕೊಡುವುದಿಲ್ಲ. ಇದರಲ್ಲಿ ಮೇಸ್ತ್ರಿಗಳದ್ದೇ ತಪ್ಪು ಅನ್ನಲಾರೆ. ಅರ್ಧ ಗಂಟೆ ಟೆಸ್ಟ್ ಲ್ಯಾಂಪ್ ಹಿಡಿದು ಒದ್ದಾಡಿ ಒಂದು ಫ್ಯೂಸ್ ಹಾಕಿಕೊಟ್ಟವನಿಗೆ "ಬರೀ ಫ್ಯೂಸಿಗೆ ಇಷ್ಟಾ?" ಅಂತ ಕೇಳುವವರು ನಾವೇ ಅಲ್ವಾ.

ವೈರಿಂಗ್ ವಿಷಯಕ್ಕೆ ಬರೋಣ, ಇಲ್ಲೇ ನನಗೆ ಜಾಸ್ತಿ ಸಿಟ್ಟು. ಸಾಮಾನ್ಯವಾಗಿ ಈ ಆಂಟೆನಾಗೆ ಮೂರು ವೈರ್. ಒಂದು ಬ್ಯಾಟರಿಯಿಂದ ಸದಾ ಬರುವ ಕರೆಂಟ್. ಒಂದು ಅರ್ಥ್, ಅಂದರೆ ಗಾಡಿಯ ಬಾಡಿಗೆ ಸೇರುವ ವೈರ್. ಮೂರನೆಯದು ರೇಡಿಯೋ ಕೊಡುವ ಸಿಗ್ನಲ್: ಅದರಲ್ಲಿ 12 ವೋಲ್ಟ್ ಬಂದರೆ ಕಡ್ಡಿ ಮೇಲೆ, ಹೋದರೆ ಕೆಳಗೆ. ಕೆಳಗೆ ಇಳಿಯುವುದಕ್ಕೂ ಮೋಟಾರ್ ಓಡಬೇಕು, ಅದಕ್ಕೇ ಸದಾ ಇರುವ ಕರೆಂಟ್ ಬೇಕು. ಈಗ ಹೊಸ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸುವಾಗ ಏನು ಮಾಡುತ್ತಾರೆ? ಸಿಕ್ಕ ಕೆಂಪು ವೈರಿಗೆ ಎಲ್ಲವನ್ನೂ ಸುತ್ತಿ ಟೇಪ್ ಹೊಡೆಯುತ್ತಾರೆ. ಕೀ ತೆಗೆದ ಕೂಡಲೇ ಸಿಗ್ನಲ್ಲೂ ಹೋಯಿತು, ಮೋಟಾರಿನ ಕರೆಂಟೂ ಹೋಯಿತು. ಕಡ್ಡಿ ಎದ್ದೇ ನಿಂತಿರುತ್ತದೆ. "ಮೋಟಾರ್ ವೀಕ್ ಆಗಿದೆ ಸಾರ್, ಎಳೀತಿಲ್ಲ" ಅಂತ ಹೇಳಿ ಕಳಿಸುತ್ತಾರೆ. ಚಿಕ್ಕಪ್ಪನ ಗಾಡಿಗೆ ಊರಿನ ಒಂದು ಅಂಗಡಿಯಲ್ಲಿ ಮಾಡಿದ್ದು ಇದನ್ನೇ. ಹೆಸರು ಬೇಡ ಬಿಡಿ.

ಸ್ಟೀರಿಯೋ ಹಿಂದಿನ ವೈರ್‌ಗಳ ಬಣ್ಣ ನೆನಪಿಟ್ಟುಕೊಂಡರೆ ಸಾಕು, ಅರ್ಧ ಜಗಳ ಮುಗಿಯುತ್ತದೆ. ಹಳದಿ ಸದಾ ಇರುವ ಕರೆಂಟ್, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್. ಬರೀ ನೀಲಿ ಆಂಟೆನಾಗೆ. ನೀಲಿ ಮೇಲೆ ಬಿಳಿ ಗೆರೆ ಇರುವುದು ಆಂಪ್ಲಿಫೈಯರ್‌ಗೆ. ಬಹಳಷ್ಟು ಸೆಟ್‌ಗಳಲ್ಲಿ ಬರೀ ನೀಲಿಯಲ್ಲಿ ರೇಡಿಯೋ ಹಾಕಿದಾಗ ಮಾತ್ರ ಕರೆಂಟ್ ಬರುತ್ತದೆ, ಗೆರೆ ಇರುವುದರಲ್ಲಿ ಸೆಟ್ ಆನ್ ಇರುವಷ್ಟು ಹೊತ್ತೂ ಬರುತ್ತದೆ. ಆಂಟೆನಾವನ್ನು ಆ ಗೆರೆ ನೀಲಿಗೆ ಕಟ್ಟಿದರೆ ಫೋನಿನಿಂದ ಹಾಡು ಕೇಳುತ್ತಿದ್ದರೂ ಕಡ್ಡಿ ಮೇಲೆಯೇ. ಸುಮ್ನೆ ಗಾಳಿಗೆ, ಧೂಳಿಗೆ, ಮುಳ್ಳಿಗೆ ಮೈಯೊಡ್ಡಿ ನಿಂತಿರುತ್ತದೆ. ಇನ್ನೊಂದು, ಆ ನೀಲಿ ವೈರ್ ಬರೀ ಸಂದೇಶ ಕೊಡುವ ಸಣ್ಣ ವೈರ್. ರಿಲೇ ಇಲ್ಲದೆ ಮೋಟಾರನ್ನೇ ಅದಕ್ಕೆ ನೇತುಹಾಕಿದರೆ ಸ್ಟೀರಿಯೋ ಒಳಗೆ ಸುಡುತ್ತದೆ. ಸಾವಿರಗಟ್ಟಲೆ ಕೊಟ್ಟ ಸೆಟ್ಟು ರಿಲೇ ಉಳಿಸಲು ಹೋಗಿ ಹಾಳು.

ಮುಳ್ಳು ಅಂದೆನಲ್ಲ. ನಮ್ಮ ಊರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ, ಅದೂ ಪರದೇಶದಿಂದ ಬಂದ ಗಿಡ, ಕಾಲುವೆ ಏರಿ ಮೇಲೆ ಎರಡೂ ಕಡೆಯಿಂದ ಬಾಗಿ ಗಾಡಿಯ ಮೈ ಕೆರೆಯುತ್ತಿರುತ್ತದೆ. ಸಿರುಗುಪ್ಪ ಕಡೆ ಗದ್ದೆ ದಾರಿ ಹಿಡಿದರೆ ಗೊತ್ತಾಗುತ್ತದೆ. ಎತ್ತಿದ ಕಡ್ಡಿಗೆ ಒಂದು ದಪ್ಪ ರೆಂಬೆ ತಗುಲಿದರೆ ಕತೆ ಮುಗಿಯಿತು. ಬಾಗಿದ ಕಡ್ಡಿಯನ್ನು ಕೈಯಲ್ಲಿ ನೆಟ್ಟಗೆ ಮಾಡಬಹುದು, ಆದರೆ ಕೊಳವೆಗೆ ಒಮ್ಮೆ ಮಡಿಕೆ ಬಿತ್ತೆಂದರೆ ಅದು ಪಕ್ಕದ ಕೊಳವೆಯೊಳಗೆ ಮತ್ತೆ ಸಲೀಸಾಗಿ ಹೋಗುವುದಿಲ್ಲ. ಇನ್ನು ಅಂಜನಾದ್ರಿ, ಹಂಪಿ ಕಡೆ ಗಾಡಿ ನಿಲ್ಲಿಸುವವರು ರೇಡಿಯೋ ಬಂದ್ ಮಾಡಿ ಕಡ್ಡಿ ಪೂರ್ತಿ ಇಳಿಯಿತಾ ಅಂತ ನೋಡಿಯೇ ಮೆಟ್ಟಿಲು ಹತ್ತಿ. ಅಲ್ಲಿನ ಕೋತಿಗಳಿಗೆ ಅದಕ್ಕಿಂತ ಒಳ್ಳೆ ಆಟದ ಸಾಮಾನು ಬೇರೆ ಇಲ್ಲ.

ಸರಿ, ಕೇಬಲ್ ಹೋಗಿದೆ ಅಂತ ಖಾತ್ರಿಯಾಯಿತು. ಬರೀ ಕಡ್ಡಿ, ಕೇಬಲ್ ಸೇರಿಸಿದ ಸೆಟ್ ಬೇರೆಯಾಗಿ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಕೇಳಿಸಿ, ಆನ್‌ಲೈನ್ ಹುಡುಕಿ. ಪೂರ್ತಿ ಮೋಟಾರ್ ಸೆಟ್‌ಗೆ ಹೋಲಿಸಿದರೆ ದುಡ್ಡು ಎಷ್ಟೋ ಕಡಿಮೆ. ಹಾಕುವುದಕ್ಕೆ ಇಬ್ಬರು ಬೇಕು, ಒಬ್ಬರು ಒಳಗೆ ರೇಡಿಯೋ ಹತ್ತಿರ, ಒಬ್ಬರು ಹೊರಗೆ. ಮಡ್‌ಗಾರ್ಡ್ ಮೇಲಿನ ನಟ್ ಬಿಚ್ಚಿ. ಎರಡು ಕಚ್ಚು ಇರುವ ದುಂಡನೆ ನಟ್ ಅದು, ಅದಕ್ಕೆ ಪಾನಾ ಕೂರುವುದಿಲ್ಲ, ಮೊಂಡು ಕಟಿಂಗ್ ಪ್ಲೇಯರ್ ಹಾಕಿ ತಿರುಚಿದರೆ ಸುತ್ತಲಿನ ಪೇಂಟ್ ಹೋಗುತ್ತದೆ, ಬಟ್ಟೆ ಸುತ್ತಿ ನೋಸ್ ಪ್ಲೇಯರ್‌ನಲ್ಲಿ ನಿಧಾನಕ್ಕೆ ಬಿಡಿಸಿ. ಆಮೇಲೆ ಒಳಗಿನವರಿಗೆ "ಹಾಕು" ಅನ್ನಿ. ಮೋಟಾರ್ ಹಳೆ ಕಡ್ಡಿಯನ್ನು ಕೇಬಲ್ ಸಮೇತ ಹೊರಗೆ ತಳ್ಳುತ್ತದೆ, ಕೈಯಲ್ಲಿ ಹಿಡಿದು ಎಳೆದುಕೊಳ್ಳಿ. ಹಲ್ಲು ಯಾವ ಕಡೆ ಮುಖ ಮಾಡಿತ್ತು ಅಂತ ನೋಡಿಕೊಳ್ಳುವುದು ಮುಖ್ಯ. ಹೊಸ ಕೇಬಲ್‌ನ ಹಲ್ಲು ಅದೇ ಕಡೆಗಿಟ್ಟು ಒಳಗೆ ಬಿಡಿ, ಗೇರ್‌ಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಈಗ "ಬಂದ್ ಮಾಡು". ಗೇರ್ ಕಚ್ಚಿಕೊಂಡು ಕೇಬಲ್ಲನ್ನು ತಾನೇ ಸರಸರ ಒಳಗೆಳೆದುಕೊಳ್ಳುತ್ತದೆ. ಇದನ್ನು ನೋಡುವುದೇ ಒಂದು ಖುಷಿ, ಸುಳ್ಳು ಯಾಕೆ ಹೇಳಲಿ. ಕಡ್ಡಿ ಮೊದಲ ಸಲ ಪೂರ್ತಿ ಕೆಳಗೆ ಕೂರದೆ ಹೋಗಬಹುದು, ಗಾಬರಿ ಬೇಡ. ನಟ್ ಬಿಗಿ ಮಾಡಿ ನಾಲ್ಕಾರು ಸಲ ಹಾಕಿ ಬಂದ್ ಮಾಡಿದರೆ ಕೂರುತ್ತದೆ.

ಹಳೆ ಕೇಬಲ್ ಅರ್ಧಕ್ಕೇ ತುಂಡಾಗಿ ಬಂದರೆ ಉಳಿದದ್ದು ಡಬ್ಬಿಯೊಳಗೇ ಇದೆ ಅಂತ ಅರ್ಥ. ಆಗ ಹೊಸದು ತುರುಕಬೇಡಿ. ಚಕ್ರದ ಮೇಲಿನ ಪ್ಲಾಸ್ಟಿಕ್ ಬಿಚ್ಚಿ ಸೆಟ್ ಕೆಳಗಿಳಿಸಿ, ಡಬ್ಬಿ ತೆರೆದು ನೈಲಾನ್ ಚೂರುಗಳನ್ನು ಆರಿಸಿ ತೆಗೆಯಬೇಕು. ನಮ್ಮದನ್ನು ತೆರೆದಾಗ ಗ್ರೀಸ್ ಅನ್ನುವುದು ಕೆಮ್ಮಣ್ಣಿನ ಗಟ್ಟಿ ಆಗಿತ್ತು, ಅದರಲ್ಲಿ ಬಿಳಿ ಹಲ್ಲುಗಳು ಅಲ್ಲಲ್ಲಿ ಹೂತುಕೊಂಡಿದ್ದವು. ಕೆಳಗೆ ಮಳೆ ನೀರು ಹೋಗಲಿ ಅಂತ ಒಂದು ಸಣ್ಣ ರಬ್ಬರ್ ನಳಿಗೆ ಇರುತ್ತದೆ, ಅದೂ ಮಣ್ಣು ತುಂಬಿ ಬಂದ್. ನೀರು ಹೊರಗೆ ಹೋಗದಿದ್ದರೆ ಮೋಟಾರ್‌ಗೆ ತುಕ್ಕು ಹಿಡಿಯುವುದು ಗ್ಯಾರಂಟಿ. ಒಂದು ತಂತಿ ಹಾಕಿ ಚುಚ್ಚಿ ತೆಗೆದರೆ ಮುಗಿಯುವ ಕೆಲಸ. ಹೊಸ ಗ್ರೀಸ್ ಗೇರ್‌ಗೆ ಮಾತ್ರ, ಅದೂ ಸ್ವಲ್ಪ. ಹೊರಗಿನ ಕಡ್ಡಿಗೆ ಗ್ರೀಸ್ ಹಚ್ಚಿಕೊಡುವ ಸರ್ವಿಸ್ ಹುಡುಗರನ್ನು ತಡೆಯಿರಿ, ನಮ್ಮ ಧೂಳಿಗೆ ಅದು ಅಂಟು. ತಿಂಗಳಿಗೊಮ್ಮೆ ಕಡ್ಡಿ ಎತ್ತಿ ಬಟ್ಟೆಗೆ ಹನಿ ತೆಳು ಎಣ್ಣೆ ಹಾಕಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಸಾಕು.

"ಈಗ ರೇಡಿಯೋ ಯಾರು ಕೇಳ್ತಾರೆ ಮಾರಾಯ" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಸಂಡೂರು ಗುಡ್ಡದ ತಿರುವುಗಳಲ್ಲಿ ಫೋನಿನ ಟವರ್ ಹೋದಾಗ ಹೇಳಿ. ಚಿಕ್ಕಪ್ಪನಿಗೆ ಬೆಳಿಗ್ಗೆ ಧಾರವಾಡ ಆಕಾಶವಾಣಿ ಬೇಕೇ ಬೇಕು. ಅದು 1950ರಿಂದ ಇರುವ ಕೇಂದ್ರ, 765 ಕಿಲೋಹರ್ಟ್ಸ್ ಮಧ್ಯಮ ತರಂಗ, ಇಲ್ಲಿಂದ ಇನ್ನೂರು ಕಿಲೋಮೀಟರ್ ದೂರ. ಇಲ್ಲಿ ಕಡ್ಡಿಯ ಉದ್ದ ಕೆಲಸಕ್ಕೆ ಬರುತ್ತದೆ. ಎಫ್ಎಂ ಅಲೆ 100 ಮೆಗಾಹರ್ಟ್ಸ್ ಹತ್ತಿರ ಸುಮಾರು 3 ಮೀಟರ್ ಉದ್ದ, ಅದರ ಕಾಲು ಭಾಗ 75 ಸೆಂಟಿಮೀಟರ್. ಪೂರ್ತಿ ಎತ್ತಿದ ಕಾರಿನ ಕಡ್ಡಿ ಹೆಚ್ಚುಕಮ್ಮಿ ಅಷ್ಟೇ ಇರುವುದು ಸುಮ್ಮನೆ ಅಲ್ಲ, ಲೆಕ್ಕ ಹಾಕಿಯೇ ಇಟ್ಟಿದ್ದು. ಧಾರವಾಡದ ಅಲೆ ಅಂದರೆ 390 ಮೀಟರ್ ಮೇಲೆ. ಅದಕ್ಕೆ ಯಾವ ಕಾರಿನ ಕಡ್ಡಿಯೂ ಸಾಲುವುದಿಲ್ಲ, ಹಾಗಾಗಿ ಎಷ್ಟು ಉದ್ದ ಇದ್ದರೆ ಅಷ್ಟು ಲಾಭ. ಗೇಣುದ್ದದ ರಬ್ಬರ್ ಕಡ್ಡಿ ಹಾಕಿಸಿಕೊಂಡು ಧಾರವಾಡ ಬರುತ್ತಿಲ್ಲ ಅಂದರೆ ಹೇಗೆ ಬರುತ್ತದೆ?

ಇಷ್ಟೆಲ್ಲಾ ಮಾಡಿಯೂ ಗರಗರ ಬಂದರೆ ಆಂಟೆನಾ ಬುಡದ ಅರ್ಥ್ ನೋಡಿ. ಬುಡ ಬಾಡಿ ತಗಡಿಗೆ ಚೆನ್ನಾಗಿ ಕಚ್ಚಿರಬೇಕು, ನಡುವೆ ತುಕ್ಕೋ ಪೇಂಟೋ ಇದ್ದರೆ ಉಜ್ಜಿ ತೆಗೆಯಿರಿ. ಆಕ್ಸಿಲರೇಟರ್ ಒತ್ತಿದಂತೆ ಸಿಳ್ಳೆ ಏರುತ್ತಿದ್ದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಸದ್ದು, ಅಲ್ಲಿಯೂ ಮೊದಲ ಗುಮಾನಿ ಅರ್ಥ್ ಮೇಲೆಯೇ. ಮಧ್ಯಮ ತರಂಗದಲ್ಲಿ ಮಾತ್ರ ಗಲಾಟೆ ಇದ್ದರೆ ಲೈಟರ್ ತೂತಿಗೆ ಸಿಕ್ಕಿಸಿದ ಅಗ್ಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಎಷ್ಟೋ ಸಲ ಅದೇ ಕಳ್ಳ.

ಮೋಟಾರ್ ನಿಜವಾಗಿಯೂ ಸುಟ್ಟಿದ್ದರೆ? ಆಗ ನನ್ನ ಅಭಿಪ್ರಾಯ ಬೇರೆ. ಯಾವ ಗಾಡಿಗಾದರೂ ಆಗುತ್ತದೆ ಅಂತ ಮಾರುವ ಅಗ್ಗದ ಮೋಟಾರ್ ಸೆಟ್ ಹಾಕಿಸುವ ಬದಲು, ಅದೇ ತೂತಿಗೆ ಉದ್ದದ ಗಟ್ಟಿ ಸ್ಟೀಲ್ ಕಡ್ಡಿ ಕೂರಿಸಿ ಆಂಟೆನಾ ವೈರ್ ಸರಿಯಾಗಿ ಸೇರಿಸಿ. ನೋಡಲು ಹಳೆ ಜೀಪಿನ ಥರ ಕಾಣಬಹುದು, ಕಾಣಲಿ ಬಿಡಿ, ಕೆಲಸ ಮಾಡುತ್ತದೆ. ಚಿಕ್ಕಪ್ಪ ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಅವರಿಗೆ ಕಡ್ಡಿ ಎದ್ದು ಬರುವುದನ್ನು ನಾಲ್ಕು ಜನ ನೋಡಬೇಕು, ಸಿಗ್ನಲ್‌ನಲ್ಲಿ ನಿಂತಾಗ ಬೇಕಂತಲೇ ರೇಡಿಯೋ ಹಾಕುತ್ತಾರೆ.

ಹೊಸ ಕಡ್ಡಿ ತರಿಸುವವರು ಹಳೆಯದನ್ನು ಬಿಸಾಕದೆ ಕೈಯಲ್ಲಿಟ್ಟುಕೊಂಡು ಅಳತೆ ನೋಡಿ: ಕೇಬಲ್ ದಪ್ಪ, ಒಟ್ಟು ಉದ್ದ, ಬುಡದ ಕೊಳವೆಯ ಅಗಲ. ಗಾಡಿ ಹೆಸರು ಒಂದೇ ಇದ್ದರೂ ಒಂದೊಂದು ವರ್ಷದ್ದು ಒಂದೊಂದು ಥರ ಇರುತ್ತದೆ. ಮತ್ತೆ ಬಳ್ಳಾರಿ, ಕಂಪ್ಲಿ, ಗಂಗಾವತಿ ಸುತ್ತ ಯಾರಾದರೂ ಹಳೆ ಪಜೆರೋದ ಸತ್ತ ಮೋಟಾರ್ ಆಂಟೆನಾ ಗುಜರಿಗೆ ಹಾಕುವವರಿದ್ದರೆ ನನಗೊಂದು ಮೆಸೇಜ್ ಮಾಡಿ. ಒಳಗಿನ ಗೇರ್ ಒಂದು ಸ್ಪೇರ್ ಬೇಕು. ತೂಕದ ದುಡ್ಡು ಕೊಡುತ್ತೇನೆ, ಮಿರ್ಚಿ ಮಂಡಕ್ಕಿಯೂ ನನ್ನದೇ.