ಐದು ಗಂಟೆಗೆ ಬಂದವರ ಸಂಬಳ

ಬೆಳಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದಾಗಿನಿಂದ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಬರೆದೇ ಬಿಡುತ್ತೇನೆ.

ಇವತ್ತು ಓದಿದ ಶುಭಸಂದೇಶ ಬೈಬಲ್ಲಿನ ಮತ್ತಾಯ 20, ದ್ರಾಕ್ಷಿತೋಟದ ಕೂಲಿಗಳ ಸಾಮತಿ, ಅಂದರೆ ಯೇಸುಸ್ವಾಮಿ ಹೇಳಿದ ನೀತಿಕಥೆ. ಯಜಮಾನ ನಸುಕಿನಿಂದ ಸಂಜೆ ಐದರವರೆಗೆ ಐದು ಸಲ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಸಂಬಳ, ಒಂದು ದಿನಾರಿ. ಆಗಿನ ಕಾಲಕ್ಕೆ ಅದು ಒಂದು ದಿನದ ಕೂಲಿ.

ಹೊರಗೆ ಅಂಗಳದಲ್ಲಿ ಪರಿಚಯದವರೊಬ್ಬರು ಹೇಳಿದರು: "ದೇವರ ದಯೆ ದೊಡ್ಡದು, ಒಪ್ಪಿದೆ. ಆದರೆ ಇದು ನ್ಯಾಯ ಅಲ್ಲ ಬಿಡಿ." ಸುತ್ತ ಇದ್ದವರೆಲ್ಲ ತಲೆ ಆಡಿಸಿದರು.

ಯಾಕೆ ನ್ಯಾಯ ಅಲ್ಲ? ಬೆಳಗ್ಗೆ ಬಂದವರಿಗೆ ಮಾತಾಡಿದಷ್ಟು ಕೊಟ್ಟಿದ್ದಾನೆ. ಒಂದು ಪೈಸೆ ಮುರಿದಿಲ್ಲ. ಅವರ ಸಂಕಟ ತಮಗೆ ಕಡಿಮೆ ಬಂತು ಅಂತಲ್ಲ, ಪಕ್ಕದವನಿಗೂ ಅಷ್ಟೇ ಸಿಕ್ಕಿತಲ್ಲ ಅಂತ. ಯೇಸು ಹೇಳಿದ ದುಂದುಗಾರ ಮಗನ ಕಥೆಯಲ್ಲಿ, ಆಸ್ತಿ ಹಾಳುಮಾಡಿ ಬಂದ ತಮ್ಮನಿಗೆ ಅಪ್ಪ ಔತಣ ಮಾಡಿಸಿದಾಗ ಅಣ್ಣ ಮನೆಯೊಳಗೆ ಬರದೆ ಹೊರಗೇ ನಿಂತದ್ದೂ ಇದೇ ಸಿಟ್ಟಿಗೆ ಅಲ್ವಾ?

ಪೂಜೆಗೆ ಹೋಗುವಾಗ ಸರ್ಕಲ್‌ನಲ್ಲಿ ಆಳುಗಳು ನಿಂತಿದ್ದರು. ಬರುವಾಗಲೂ ಏಳೆಂಟು ಜನ ಅಲ್ಲೇ ಇದ್ದರು. ಬುತ್ತಿ ಚೀಲ ಕಾಲ ಹತ್ತಿರ, ಕಣ್ಣು ಬರೋ ಗಾಡಿಗಳ ಮೇಲೆ. ಅವರು ಸೋಮಾರಿಗಳಾ? ಐದು ಗಂಟೆಗೂ ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಯಜಮಾನ ಕೇಳಿದಾಗ ಸಾಮತಿಯಲ್ಲಿ ಬರುವ ಉತ್ತರ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಈ ಸಾಲನ್ನು ಯಾಕೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ?

ಹೀಗೆ ಕೊಟ್ಟರೆ ನಾಳೆ ಎಲ್ಲರೂ ಸಂಜೆಯೇ ಬರುತ್ತಾರೆ ಅಂತಾರೆ. ಯಾರಾದರೂ ಕರೆಯಬಹುದು ಅಂತ ಇಡೀ ದಿನ ಬಿಸಿಲಲ್ಲಿ ನಿಂತವರು ಹೀಗೆ ಮಾತಾಡುವುದಿಲ್ಲ.

ಬೈಬಲ್ಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24ರಲ್ಲಿ ಒಂದು ಕಟ್ಟಳೆ ಇದೆ. ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು. ಯಾಕೆಂದರೆ ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಇದು ದಯೆಯಾ, ನ್ಯಾಯವಾ? ಬೇರೆ ಮಾಡಿ ತೋರಿಸಿ ನೋಡೋಣ. ನನಗಂತೂ ಆಗುವುದಿಲ್ಲ. ಯೇಸುಸ್ವಾಮಿಯ ಕಥೆಯ ಯಜಮಾನ ಸಂಜೆ ಕೂಲಿ ಕೊಡಿಸುವಾಗ ನೋಡಿದ್ದೂ ಆ ಬಡವನ ರಾತ್ರಿ ಊಟವನ್ನೇ.

ಇಷ್ಟೆಲ್ಲ ಸಿಟ್ಟಾಗಲು ನನಗೆ ಬೇರೆ ಕಾರಣವೂ ಇದೆ. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಅಡಿಕೆ ಕೊನೆ ಇಳಿಸುತ್ತಿದ್ದೆವು. ಉದುರಿದ ಅಡಿಕೆ ಹೆಕ್ಕಲು ಬರಬೇಕಿದ್ದ ಒಬ್ಬ ಅಜ್ಜಿ ಬಂದಾಗ ಹನ್ನೊಂದೂವರೆ. ಬಸ್ಸು ಬಂದಿರಲಿಲ್ಲ, ನಡೆದೇ ಬಂದಿದ್ದರು. ಸಂಜೆ ಅರ್ಧ ಸಂಬಳ ಎಣಿಸಿ ಕೊಟ್ಟೆ. ಅವರು ನೋಟುಗಳನ್ನು ಎರಡು ಸಲ ಎಣಿಸಿದರು. "ಆಯ್ತು ಕಣಪ್ಪ" ಅಂದರು. ಎಲೆಯಡಿಕೆ ಸಂಚಿಯೊಳಗೆ ಮಡಚಿಟ್ಟು, ಬಂದ ದಾರಿಯಲ್ಲೇ ನಡೆದು ಹೋದರು.

ನನ್ನ ಲೆಕ್ಕ ಸರಿಯಾಗಿತ್ತು. ನ್ಯಾಯವಾಗಿಯೇ ನಡೆದುಕೊಂಡೆ ಅಂತ ಅವತ್ತು ನಿದ್ದೆಯೂ ಬಂತು.

ಮರುದಿನದಿಂದ ಅವರು ನಮ್ಮ ತೋಟಕ್ಕೆ ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಬುಧವಾರ ಊರಿಗೆ ಹೋಗುತ್ತಿದ್ದೇನೆ. ಅವರ ಮನೆ ಎಲ್ಲಿ ಅಂತ ಗೊತ್ತು.