ವಿಗ್ರಹ ಓಡುವುದಿಲ್ಲವಂತೆ!

ನಿನ್ನೆ ಯುದ್ಧೋತ್ತರ ಜಪಾನಿನ ಛಾಯಾಗ್ರಹಣದ ಕುರಿತ ಉಪನ್ಯಾಸವೊಂದಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದಿದ್ದೇನೆ. ಛಾಯಾಗ್ರಾಹಕ ಕೆನ್ ದೊಮೊನ್ ಬಗ್ಗೆ ಭಾಷಣಕಾರರು ಕೊಟ್ಟ ತೀರ್ಪು ಇದು: ಹಿರೋಷಿಮಾದ ಗಾಯಾಳುಗಳನ್ನು, ಚಿಕುಹೊ ಕಲ್ಲಿದ್ದಲು ಗಣಿಯ ಮಕ್ಕಳನ್ನು ಸೆರೆಹಿಡಿದ ಮನುಷ್ಯ ಕೊನೆಗೆ ಸುಸ್ತಾಗಿ ಬುದ್ಧನ ಗುಡಿ ಸೇರಿಕೊಂಡ, ವಿಗ್ರಹವೇನು ಓಡಿಹೋಗುತ್ತದೆಯೇ, ತೆಗೆಯುವುದಕ್ಕೆ ಕಷ್ಟವೇನು? ಸಭೆ ನಕ್ಕಿತು. ನನ್ನ ಮುಖ ಹೇಗಿತ್ತೆಂದು ನನ್ನನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಸ್ವಾಮಿ, ಆತ ನಾರಾ ಸೀಮೆಯ ಮುರೋಜಿ ಎಂಬ ಬೌದ್ಧ ಗುಡಿಗೆ ಮೊದಲು ಹೋದದ್ದು 1939ರಲ್ಲಿ. ಹಿರೋಷಿಮಾದ ಪುಸ್ತಕ ಬಂದದ್ದು 1958ರಲ್ಲಿ. ಗುಡಿ ಮೊದಲು, ಗಾಯ ಆಮೇಲೆ. ಹಾಗಾದರೆ ಓಡಿಹೋದದ್ದು ಎಲ್ಲಿಂದ ಎಲ್ಲಿಗೆ?

ಇನ್ನು ಕಷ್ಟದ ಮಾತು. ಮಿದುಳಿನ ರಕ್ತಸ್ರಾವವಾದ ಮೇಲೆ ಚಿಕ್ಕ ಕ್ಯಾಮೆರಾ ಕೈಯಲ್ಲಿ ಹಿಡಿದು ತಿರುಗಲಾಗದೆ, ದೊಡ್ಡ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿದ. ಗುಡಿಗಳ ಚಿತ್ರಮಾಲೆ ‘ಪ್ರಾಚೀನ ದೇವಾಲಯಗಳ ಯಾತ್ರೆ’ಯ ಮೊದಲ ಸಂಪುಟ 1963ರಲ್ಲಿ, ಐದನೆಯದು 1975ರಲ್ಲಿ. ನಡುವೆ 1968ರಲ್ಲಿ ಎರಡನೆಯ ಆಘಾತ, ಅಲ್ಲಿಂದ ಗಾಲಿಕುರ್ಚಿ. ಗುಡ್ಡದ ಮೆಟ್ಟಿಲುಗಳನ್ನು ಜೊತೆಗಿದ್ದವರ ಹೆಗಲ ಬಲದಿಂದ ಏರಬೇಕು. ಸುಲಭವಂತೆ, ಸುಲಭ!

ಜಿಂಗೋಜಿ ಗುಡಿಯ ಭೈಷಜ್ಯಗುರುವಿನ, ಅಂದರೆ ವೈದ್ಯ ಬುದ್ಧನ, ಚಿತ್ರ ನೋಡಿ. ಪ್ರಭಾವಳಿಯಿಲ್ಲ, ಧೂಪದ ಹೊಗೆಯಿಲ್ಲ. ಚೌಕಟ್ಟಿನ ತುಂಬ ಮುಖ, ಉಳಿ ಆಡಿದ ಮರ, ಬಿಗಿದ ದಪ್ಪ ತುಟಿ. ಆಶೀರ್ವಾದದ ಮಾತು ದೂರವಿರಲಿ, ಎದುರು ನಿಂತವನನ್ನು ಗದರಿಸುವಂತಿದೆ. ಗಣಿಯ ಮಕ್ಕಳ ಮುಖಕ್ಕೂ ಆತ ಇಷ್ಟೇ ಹತ್ತಿರ ಹೋಗಿದ್ದ. ಕಣ್ಣು ಅದೇ, ಹಟವೂ ಅದೇ.

ಅಂದಹಾಗೆ, ಓಡುವ ವಿಚಾರ. ಉಜಿ ಊರಿನ ಬ್ಯೋದೋಯಿನ್ ಗುಡಿಯಲ್ಲಿ ಮುಸ್ಸಂಜೆ ಹೊರಡುವಾಗ ತಿರುಗಿ ನೋಡಿದರೆ, ಮೋಡಗಳ ಕೆಳಗೆ ಇಡೀ ಫೀನಿಕ್ಸ್ ಮಂಟಪವೇ ಓಡುತ್ತಿರುವಂತೆ ಕಂಡಿತೆಂದು ದೊಮೊನ್ ಬರೆದಿದ್ದಾನೆ. ಆತನ ಪಾಲಿಗೆ ವಿಗ್ರಹಗಳೂ ಓಡುತ್ತಿದ್ದವು. ಭಾಷಣಕಾರರು ಅದನ್ನು ಓದಿದ್ದರೆ ಆ ನಗೆಚಟಾಕಿ ಉಳಿಯುತ್ತಿತ್ತೇ?

ಹಳೆಯ ಕಲೆಯ ವೈಭವ ಯುದ್ಧಕಾಲದ ಸರ್ಕಾರಕ್ಕೂ ಬೇಕಾಗಿತ್ತಲ್ಲ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ಬೇಕಾಗಿತ್ತು, ಒಪ್ಪೋಣ. ಆದರೆ ಗಣಿಯ ಮಕ್ಕಳ ಪುಸ್ತಕವನ್ನು ಒರಟು ಕಾಗದದಲ್ಲಿ ಅಚ್ಚು ಹಾಕಿಸಿ 100 ಯೆನ್‌ಗೆ ಜನರ ಕೈಗಿಟ್ಟವನನ್ನು ವೈಭವದ ಭಟ್ಟಂಗಿ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಹಾಗೆಂದು ನಾನು ಕುರುಡು ಭಕ್ತನೂ ಅಲ್ಲ. 1978ರಲ್ಲಿ ಕಾದು ಕಾದು ಕೊನೆಗೆ ಮಾರ್ಚ್‌ನಲ್ಲಿ ತೆಗೆದ ಹಿಮ ಬಿದ್ದ ಮುರೋಜಿಯ ಚಿತ್ರಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅವು ಅಷ್ಟಕ್ಕಷ್ಟೇ. ಕಾದ ಕಥೆಯೇ ಚಿತ್ರಕ್ಕಿಂತ ದೊಡ್ಡದಾಗಿಬಿಟ್ಟಿದೆ. ಬೈಯುವವರು ಧಾರಾಳವಾಗಿ ಬೈಯಬಹುದು. ಮೊದಲು ಆ ಭೈಷಜ್ಯಗುರುವಿನ ತುಟಿ ನೋಡಿ ಬನ್ನಿ.