ಅತ್ತೆಯ ದೆವ್ವ ಅಮೆರಿಕಕ್ಕೆ ಹೊರಟಿದ್ದು

ನಾನು ತಿಪಟೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಕಥೆ ಬರೆಯುವ ಚಟ ಹತ್ತಿದ್ದು ಪರೀಕ್ಷಾ ಕೊಠಡಿಯಲ್ಲಿ ಮೂರು ತಾಸು ಮಕ್ಕಳನ್ನು ಕಾಯುವಾಗ. ಹಾಗೊಂದು ಮಾರ್ಚ್‌ನಲ್ಲಿ ಹುಟ್ಟಿದ್ದು ‘ನಾಳೆ ಬಾ’ ದೆವ್ವದ ಕಥೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ನಮ್ಮ ಕಡೆಯ ಹಳ್ಳಿಗಳ ತನಕ ಕದದ ಮೇಲೆ ಆ ಎರಡು ಪದ ಬರೆದಿರುತ್ತಿದ್ದರಲ್ಲ, ಅದೇ ದೆವ್ವ. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತಿತ್ತು, ಕದ ತೆಗೆದರೆ ಕಥೆ ಮುಗೀತು. ಪಾಪ, ಅಕ್ಷರಸ್ಥ ದೆವ್ವ. ಬರೆದದ್ದನ್ನು ಓದಿ ವಾಪಸು ಹೋಗಿ, ಮಾರನೇ ದಿನ ಬಂದು ಮತ್ತೆ ಓದಿಕೊಂಡು ಹೋಗುತ್ತಿತ್ತು. ನನ್ನ ಕಥೆಯಲ್ಲಿ ಅದು 2090ರ ಅಪಾರ್ಟ್‌ಮೆಂಟ್ ಒಂದಕ್ಕೆ ಬರುತ್ತದೆ. ಇಡೀ ಕಟ್ಟಡದಲ್ಲಿ ಕನ್ನಡ ಓದಲು ಬರುವುದು ಅದೊಂದಕ್ಕೇ.

ಪಿಯುಸಿ ಓದುವ ಮಗಳು ಇದನ್ನು ನೋಡಿ, “ಅಮ್ಮಾ, ಇದು ಸ್ಪೆಕ್ಯುಲೇಟಿವ್ ಫಿಕ್ಷನ್, ಅಂದ್ರೆ ದೆವ್ವ, ಭವಿಷ್ಯ ಅಂತೆಲ್ಲ ಬರೋ ಕಲ್ಪನೆಯ ಕಥೆ. ಅಮೆರಿಕದ ಮ್ಯಾಗಜೀನ್‌ಗಳು ನಿನ್ನಂಥವರನ್ನೇ ಹುಡುಕ್ತಿವೆ” ಅಂದಳು.

“ನನ್ನಂಥವರು ಅಂದ್ರೆ?”

“ಅಂಡರ್‌ರೆಪ್ರೆಸೆಂಟೆಡ್. ಪ್ರಾತಿನಿಧ್ಯ ಸಿಗದವರು.”

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಕೊಬ್ಬರಿ ಹರಾಜಿನ ದಿನ ನಮ್ಮೂರ ಮಾರ್ಕೆಟ್ಟಿನಲ್ಲಿ ನಿಂತವರಿಗೆ ನಾವು ಕಡಿಮೆ ಇದ್ದೇವೆ ಅಂತ ಖಂಡಿತ ಅನಿಸುವುದಿಲ್ಲ. ಇವರಂತೂ, “ಹಾಗಾದ್ರೆ ನಾಡಕಚೇರಿಗೆ ಹೋಗ್ಬೇಕು, ಯಾವ ಸರ್ಟಿಫಿಕೇಟು ಕೇಳ್ತಾರೋ” ಅಂತ ಚಪ್ಪಲಿ ಹುಡುಕತೊಡಗಿದರು. ಪತ್ರಿಕೆಯವರು ಏನೂ ಕೇಳಿರಲಿಲ್ಲ. ‘ನಿಮಗೆ ಇಷ್ಟವಿದ್ದರೆ ನಿಮ್ಮ ಬಗ್ಗೆ ತಿಳಿಸಬಹುದು’ ಅಂತ ಒಂದು ಕಾಲಂ ಇತ್ತು, ಅಷ್ಟೆ. ಅರ್ಜಿಯೊಂದರಲ್ಲಿ ‘ಇಷ್ಟವಿದ್ದರೆ’ ಅನ್ನುವ ಪದವನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲು ಕಣ್ಣಿಗೆ ಬಿದ್ದದ್ದು ಫಾಯಾ. 2017ರಲ್ಲಿ ಶುರುವಾದ ಪತ್ರಿಕೆ, ಮುಖಪುಟ ನೋಡಿಯೇ ಮನಸೋತೆ. ಎರಡು ಸಂಜೆ ಕೂತು ಕಥೆ ತಿದ್ದಿದ ಮೇಲೆ ನಿಯಮ ಓದಿದರೆ, ಅದು ಆಫ್ರಿಕಾ ಮೂಲದ ಕಪ್ಪು ಲೇಖಕರಿಗಾಗಿಯೇ ಇರುವ ಪತ್ರಿಕೆ. ಸರಿಯೇ ಮತ್ತೆ. ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಮೊದಲು ಓದಿ ಅಂತ ದಿನಾ ಮಕ್ಕಳಿಗೆ ಕೂಗಾಡುವವಳು ನಾನು!

ಸೂಚನೆಗಳಾದರೂ ಒಂದೆರಡೇ? ಒಂದು ಕಥೆ ಒಬ್ಬರ ಬಳಿ ಇರುವಾಗ ಇನ್ನೊಬ್ಬರಿಗೆ ಕಳಿಸಬಾರದು ಅನ್ನುತ್ತಾರೆ ಹಲವರು. ಅತ್ತೆಗೆ ಇದು ತಕ್ಷಣ ಅರ್ಥವಾಯಿತು: “ಹೆಣ್ಣು ನೋಡ್ಕೊಂಡು ಹೋದೋರು ಉತ್ತರ ಹೇಳೋಗಂಟ ಇನ್ನೊಬ್ಬರಿಗೆ ಉಪ್ಪಿಟ್ಟು ಮಾಡಬಾರದು.” ಹೆಸರಿಲ್ಲದ ಪ್ರತಿ ಕಳಿಸಿ, ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು ಅನ್ನುತ್ತದೆ ಇನ್ನೊಂದು. ಪುಟಪುಟದಿಂದಲೂ ಹೆಸರು ಕಿತ್ತೆ. ಕಳಿಸಿದ ಫೈಲಿನ ಹೆಸರಲ್ಲಿ ಮಾತ್ರ ನನ್ನ ಹೆಸರು, ಇನಿಷಿಯಲ್ಲು, ಬಿ.ಎಸ್‌ಸಿ., ಬಿ.ಎಡ್. ಎಲ್ಲವೂ ಹಾಗೇ ಉಳಿದಿತ್ತು.

ಸಂಭಾವನೆ ಪದದ ಲೆಕ್ಕದಲ್ಲಿ. ಅಲ್ಲಿನ ಲೇಖಕರ ಸಂಘದವರು 2019ರಿಂದ ಪದಕ್ಕೆ ಕನಿಷ್ಠ 8 ಸೆಂಟ್ ಕೊಟ್ಟರೆ ಅದು ವೃತ್ತಿಪರ ದರ ಅಂತ ಗೊತ್ತುಮಾಡಿದ್ದಾರೆ. ಗಣಿತದವಳಿಗೆ ಇಷ್ಟು ಸಾಕಲ್ಲ. ಕನ್ನಡದಲ್ಲಿ 1,900 ಪದವಿದ್ದ ಕಥೆ ಮಗಳ ಇಂಗ್ಲಿಷಿನಲ್ಲಿ ಮೂರು ಸಾವಿರ ಆಯಿತು. ‘ಹೋಗಿಬಿಟ್ಟಿದ್ದಾಳಂತೆ’ ಅನ್ನುವ ನಮ್ಮ ಒಂದೇ ಪದ ಅಲ್ಲಿ ಏಳು ಪದವಾಗಿ ಇಳಿಯುತ್ತದೆ. ಐವತ್ತಾರು ಸೆಂಟು! ಕನ್ನಡದಲ್ಲೇ ಬರೆದುಕೊಂಡಿದ್ದು ಇಷ್ಟು ವರ್ಷ ಎಂಥ ನಷ್ಟ. ಒಟ್ಟು 240 ಡಾಲರ್ ಅಂದದ್ದೇ ತಡ, ಇವರು ಹೊಸ ಯುಪಿಎಸ್ ಬ್ಯಾಟರಿಯ ದರ ವಿಚಾರಿಸಿಕೊಂಡು ಬಂದರು.

ಅಷ್ಟರಲ್ಲಿ 2023ರ ಫೆಬ್ರವರಿ. ಒಳ್ಳೆಯ ದರ ಕೊಡುವ, ಬೇಗ ಉತ್ತರಿಸುವ ಕ್ಲಾರ್ಕ್ಸ್‌ವರ್ಲ್ಡ್‌ಗೆ ಕಳಿಸೋಣ ಅಂತ ಕೂತರೆ ಅವರು ಬಾಗಿಲು ಹಾಕಿದ್ದರು. ಯಂತ್ರದಿಂದ ಬರೆಸಿದ ಕಥೆಗಳೇ ಆ ಒಂದು ತಿಂಗಳಲ್ಲಿ ಸುಮಾರು 500 ಬಂದಿದ್ದವಂತೆ. ಮುಂದಿನ ತಿಂಗಳು ತೆಗೆದರು, ಆದರೆ ಅಷ್ಟು ಹೊತ್ತಿಗೆ ನಮಗೆ ಪರೀಕ್ಷೆ.

ಕವಿತೆಯ ಕಥೆ ಬೇರೆಯೇ. ಸ್ಟ್ರೇಂಜ್ ಹೊರೈಜನ್ಸ್ ಪತ್ರಿಕೆಗೆ ಸಮೊವಾರ್ ಅಂತ ಒಂದು ತಂಗಿ ಪತ್ರಿಕೆ ಇದೆ. ಮೂಲಭಾಷೆ, ಅನುವಾದ ಎರಡನ್ನೂ ಪ್ರಕಟಿಸುತ್ತದೆ. ಅದೇ ಜಾಡಿನ ಇನ್ನೊಂದಕ್ಕೆ (ಹೆಸರು ಬೇಡ), ಕೊಬ್ಬರಿ ಗೋದಾಮಿನಲ್ಲಿ ಕಾಲ ನಿಂತುಹೋಗುವ ನನ್ನ ಪದ್ಯವನ್ನು ಕಳಿಸಿದೆ. ಟೈಪು ಮಾಡಿದ್ದು ಶಾಲೆಯ ಕಂಪ್ಯೂಟರಿನಲ್ಲಿ, ಪ್ರಶ್ನೆಪತ್ರಿಕೆ ಮಾಡುವ ಹಳೇ ನುಡಿ ಫಾಂಟಿನಲ್ಲಿ. ಆ ಫಾಂಟಿಲ್ಲದ ಕಡೆ ಅದನ್ನು ತೆರೆದರೆ ಏನಾಗುತ್ತದೆ ಅಂತ ಯಾವ ಗುಮಾಸ್ತರನ್ನು ಬೇಕಾದರೂ ಕೇಳಿ. ನಮ್ಮ ಒಂದು ‘ಕ’ ಅಲ್ಲಿ ಇಂಗ್ಲಿಷಿನ ಪಿ ಆಗಿ, ಅದರ ಪಕ್ಕ ತಲೆ ಮೇಲೆ ಗೀಟು ಹೊತ್ತ ಎ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ, ಅನುವಾದದ ಜಾಗದಲ್ಲೂ ಅದೇ ಫೈಲನ್ನು ಇನ್ನೊಮ್ಮೆ ಲಗತ್ತಿಸಿದ್ದೆ.

ಮೂರು ವಾರದ ಮೇಲೆ ಉತ್ತರ ಬಂತು. ದೃಶ್ಯವಿನ್ಯಾಸ ತುಂಬ ದಿಟ್ಟವಾಗಿದೆಯಂತೆ. ಚಿಹ್ನೆಗಳು ಒಂದರ ಮೇಲೊಂದು ಏರಿ ಇಳಿಯುವ ಲಯದ ಬಗ್ಗೆ ಅವರ ಓದುಗರ ಬಳಗದಲ್ಲಿ ಬಹಳ ಹೊತ್ತು ಮಾತಾಯಿತಂತೆ. ಅನುವಾದವೇನಾದರೂ ಇದ್ದರೆ ದಯಮಾಡಿ ಕಳಿಸಬೇಕಂತೆ. ಇಪ್ಪತ್ತು ವರ್ಷದಲ್ಲಿ ನನ್ನ ಕವಿತೆಯ ಲಯವನ್ನು ಇಷ್ಟು ಗಂಭೀರವಾಗಿ ಯಾರೂ ತೆಗೆದುಕೊಂಡಿರಲಿಲ್ಲ. ನಾಚಿಕೊಂಡು, ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲಿ ಶುದ್ಧ ಕನ್ನಡ, ಜತೆಗೆ ಚೊಕ್ಕ ಅನುವಾದ ಕಳಿಸಿದೆ. ನಾಲ್ಕೇ ದಿನಕ್ಕೆ ತಿರಸ್ಕೃತವಾಯಿತು. ಲಯದ ಸುದ್ದಿಯೇ ಇರಲಿಲ್ಲ.

ದೆವ್ವದ ಕಥೆ ಈವರೆಗೆ ಹನ್ನೊಂದು ಕಡೆ ಹೋಗಿ ಬಂದಿದೆ. ಉತ್ತರ ಬರುವುದೇ ರಾತ್ರಿ ಎರಡೂವರೆಗೆ, ಅಲ್ಲಿ ಆಗ ಸಂಜೆ. ತಲೆದಿಂಬಿನ ಪಕ್ಕ ಫೋನು ಟಿಂಗ್ ಅಂದಾಗ ಎದ್ದು ಕೂರುತ್ತೇನೆ, ಗೋಡೆಯಾಚೆಯಿಂದ ಅತ್ತೆ “ಯಾರೇ ಅದು?” ಅನ್ನುತ್ತಾರೆ. ಮೊನ್ನೆ ಕತ್ತಲಲ್ಲೇ ಅವರಿಗೆ ಓದಿ ಹೇಳಿದೆ: ಕಥೆ ನಮಗೆ ಹೊಂದಲಿಲ್ಲ, ಮುಂದಿನದನ್ನು ಖಂಡಿತ ಕಳಿಸಿ.

“ಯಾವ್ ಕಥೆ?”

“ಅದೇ ಅತ್ತೆ, ನಾಳೆ ಬಾ ದೆವ್ವದ್ದು.”

“ಅದನ್ನ ಕಥೆ ಅಂತ ಕಳಿಸಿದೀಯಾ?” ಅತ್ತೆ ಎದ್ದೇ ಕೂತರು. “ಆವತ್ತು ಕದದ ಮೇಲೆ ಸೀಮೆಸುಣ್ಣದಲ್ಲಿ ಬರೆದೋಳು ನಾನು. ಸೊಸೆ ಮನೆ ತುಂಬೋ ಮುಂಚಿನ ಮಾತು. ನಡೆದಿದ್ದನ್ನ ಕಟ್ಟುಕಥೆ ಅಂತ ಕಳಿಸಿದ್ರೆ ಯಾರು ತಗೋತಾರೆ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ಸಲ ಕಳಿಸಿ ಅಂದ್ರೆ, ಅವರೂ ಕದಕ್ಕೆ ಬರೆದವರೇ ಅನ್ನು” ಅಂತ ಮಗ್ಗುಲಾದರು.

ಲಯ ಮೆಚ್ಚಿದ್ದ ಆ ಪತ್ರಿಕೆಯವರು ಕವಿತೆಗೆ ಮತ್ತೆ ಬಾಗಿಲು ತೆಗೆಯುವುದು ಒಂದನೇ ತಾರೀಕಿಗೆ. ಈ ಸಲ ಶಾಲೆಯ ಕಂಪ್ಯೂಟರಿನಿಂದ, ನುಡಿಯಲ್ಲೇ ಕಳಿಸುತ್ತೇನೆ. ಒತ್ತಕ್ಷರ ಜಾಸ್ತಿ ಇರುವ ಪದಗಳನ್ನು ಈಗಿನಿಂದಲೇ ಗುರುತು ಹಾಕಿಕೊಳ್ಳುತ್ತಿದ್ದೇನೆ.